ತೋಟದ ಬಂಗಲೆಯಿಂದ ಬಂದ ಹಳೆಯ ಗೊಂಬೆಮನೆ: ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸಿದ್ದಾಪುರದಿಂದ)

ಕೊಡಗಿನ ಅಮ್ಮತ್ತಿ ಸಮೀಪದ ಹಳೆಯ ತೋಟದ ಬಂಗಲೆಯೊಂದರ ಸಾಮಾನುಗಳು ಮಾರಾಟಕ್ಕೆ ಬಂದಾಗ, ಬೀಟೆ ಮರದ ಕಪಾಟು ಮತ್ತು ಊಟದ ಮೇಜುಗಳಿಗೆ ಗಿರಾಕಿಗಳು ಮುಗಿಬಿದ್ದರೂ ಯಾರೂ ಕೇಳದೆ ಮೂಲೆಯಲ್ಲಿ ಉಳಿದಿದ್ದ ಗೊಂಬೆಮನೆಯೊಂದನ್ನು ನಾನು ಕೊಂಡು ತಂದಿದ್ದೇನೆ. ಈ ಮೊದಲು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಗಳಿಂದ ತಂದ ಕೆಲವು ಚಿಕ್ಕ ಪ್ಲೈವುಡ್ ಮನೆಗಳನ್ನು ಸರಿಪಡಿಸಿದ ಅನುಭವ ನನಗಿದೆ. ಅವೆಲ್ಲ ಇತ್ತೀಚಿನವಾಗಿದ್ದರಿಂದ ಉಜ್ಜಿ, ಬಣ್ಣ ಹೊಡೆದು ಮುಗಿಸಲು ಯಾವ ಹಿಂಜರಿಕೆಯೂ ಇರಲಿಲ್ಲ. ಇದರ ವಿಷಯದಲ್ಲಿ ಕೈ ಮುಂದೆ ಹೋಗುತ್ತಿಲ್ಲ.

ಮನೆ ಸುಮಾರು ಮೂರಡಿ ಅಗಲವಿದೆ. ಎರಡು ಅಂತಸ್ತು, ನಾಲ್ಕು ಕೋಣೆ, ನಡುವೆ ಮೆಟ್ಟಿಲು. ಮುಂಭಾಗ ಕಪಾಟಿನಂತೆ ಎರಡು ಬಾಗಿಲುಗಳಾಗಿ ತೆರೆದುಕೊಳ್ಳುತ್ತದೆ. ಕೋಣೆಗಳ ಎತ್ತರ ಒಂಬತ್ತೂವರೆ ಇಂಚು, ಒಳಬಾಗಿಲುಗಳ ಎತ್ತರ ಆರೂವರೆ ಇಂಚು. ಕಿಟಕಿಗಳ ಚೌಕಟ್ಟು ತಗಡಿನದು, ಅವುಗಳಲ್ಲಿ ಗಾಜಿನ ಬದಲು ಹಳದಿಗಟ್ಟಿದ ಪಾರದರ್ಶಕ ಹಾಳೆಯಿದೆ. ಇಳಿಜಾರು ಛಾವಣಿಗೆ ಹೆಂಚಿನ ಚಿತ್ರವಿರುವ ಕಾಗದ ಅಂಟಿಸಿದ್ದಾರೆ. ಅದರ ಅಂಚುಗಳು ಎದ್ದು ಬಂದಿವೆ. ಹೊರಗೋಡೆಗೆ ಯಾರೋ ದಪ್ಪನಾಗಿ ಬಿಳಿ ಬಣ್ಣ ಬಳಿದಿದ್ದಾರೆ. ಒಳಗಡೆ ಹೂವಿನ ಗೋಡೆಕಾಗದವಿದ್ದು, ಒಂದು ಮೂಲೆಯಲ್ಲಿ ಬೂಷ್ಟು ಹಿಡಿದಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ತಳದ ಹಲಗೆಯಲ್ಲಿ ಕಾಣುವ ಸಣ್ಣ ಸಣ್ಣ ರಂಧ್ರಗಳು.

ಮಳೆಗಾಲ ಇನ್ನೇನು ಹಿಡಿಯಲಿದೆ. ಮೊದಲು ಯಾವುದಕ್ಕೆ ಕೈ ಹಾಕಬೇಕು, ಗೋಡೆಕಾಗದವನ್ನು ತೆಗೆಯಬಹುದೇ, ಬಣ್ಣವನ್ನು ಹೊಸದಾಗಿ ಹೊಡೆಯಬಹುದೇ, ಇದಕ್ಕೆ ಯಾವ ಅಳತೆಯ ಪೀಠೋಪಕರಣ ಹೊಂದುತ್ತದೆ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಗೋಣಿಕೊಪ್ಪಲಿನಿಂದ)

ಬಣ್ಣ, ಕಾಗದಗಳ ಮಾತು ಆಮೇಲಿರಲಿ. ನೀವು ತಂದಿರುವುದರಲ್ಲಿ ಮರ ಕೊರೆಯುವ ಕುಟ್ಟೆ ಹುಳು ಜೀವಂತವಾಗಿದೆಯೇ ಇಲ್ಲವೇ ಎಂಬುದು ಮೊದಲು ತಿಳಿಯಬೇಕು. ಅಲ್ಲಿಯವರೆಗೆ ಅದನ್ನು ನಿಮ್ಮ ಬೇರೆ ಗೊಂಬೆಮನೆಗಳ ಪಕ್ಕದಲ್ಲಿ, ಅದಕ್ಕಿಂತ ಮುಖ್ಯವಾಗಿ ಮನೆಯ ಮರದ ಸಾಮಾನಿನ ಪಕ್ಕದಲ್ಲಿ, ಇಡಲೇಬೇಡಿ. ರಂಧ್ರಗಳಿವೆ ಎಂದ ಮಾತ್ರಕ್ಕೆ ಹುಳು ಒಳಗಿದೆ ಎಂದಲ್ಲ. ರಂಧ್ರವು ಹುಳು ಹೊರಗೆ ಹೋದ ದಾರಿ, ಒಳಗೆ ಬಂದ ದಾರಿಯಲ್ಲ. ಇಡೀ ಮನೆಯನ್ನು ಒಂದು ಕಪ್ಪು ಕಾಗದದ ಮೇಲಿಟ್ಟು, ಈಗಿರುವ ರಂಧ್ರಗಳಿಗೆ ಮೇಣ ತುಂಬಿ, ಕೆಲವು ವಾರ ಅಲುಗಾಡಿಸದೆ ಬಿಡಿ. ಕಾಗದದ ಮೇಲೆ ಮೈದಾಹಿಟ್ಟಿನಷ್ಟು ನುಣುಪಾದ ಪುಡಿ ಹೊಸದಾಗಿ ಬಿದ್ದರೆ, ಅಥವಾ ಮೇಣವಿಲ್ಲದ ಹೊಸ ರಂಧ್ರ ಕಂಡರೆ, ಹುಳು ಇದೆ ಎಂದೇ ತಿಳಿಯಬೇಕು. ಪುಡಿ ನುಣುಪಾಗಿರದೆ ಬೆರಳಿಗೆ ಕಾಳುಕಾಳಾಗಿ ಸಿಕ್ಕಿದರೆ ಅದು ಬೇರೆ ಜಾತಿಯ ಹುಳು, ಆದರೆ ಚಿಕಿತ್ಸೆ ಒಂದೇ.

ವಸ್ತುಸಂಗ್ರಹಾಲಯಗಳಲ್ಲಿ ಅನುಸರಿಸುವ ವಿಧಾನ ಶೈತ್ಯದ್ದು. ಬಿಡಿಸಬಹುದಾದ ಭಾಗಗಳನ್ನು ಬಿಡಿಸಿ, ಪಾಲಿಥೀನ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 18ರಿಂದ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಹೊರಗೆ ತೆಗೆದ ಕೂಡಲೇ ಹೊದಿಕೆ ಬಿಚ್ಚಬಾರದು; ಒಳಗಿನ ಮರ ಕೋಣೆಯ ಉಷ್ಣತೆಗೆ ಬರುವ ಮೊದಲು ಬಿಚ್ಚಿದರೆ ನಮ್ಮ ಹವೆಯ ತೇವವೆಲ್ಲ ಅದರ ಮೇಲೆ ಹನಿಯಾಗಿ ಕೂರುತ್ತದೆ, ಕಾಗದ ಹಾಳಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಮೂರಡಿಯ ಹಲಗೆ ಹಿಡಿಸದು. ಮಾಂಸದಂಗಡಿಯವರ ಉದ್ದನೆಯ ಫ್ರೀಜರು ಸಿಕ್ಕಿದರೆ ಅನುಕೂಲ. ಪರಿಚಯದವರಾದರೆ ನಕ್ಕಾದರೂ ಜಾಗ ಕೊಡುತ್ತಾರೆ. ಅದೂ ಆಗದಿದ್ದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಬಣ್ಣವಿಲ್ಲದ ಬರಿಯ ಮರಕ್ಕೆ ಮಾತ್ರ, ಅಂದರೆ ತಳದ ಕೆಳಮೈಗೆ, ಹಚ್ಚಬಹುದು. ಬಣ್ಣದ ಮೇಲೆ ಅದು ಇಳಿಯುವುದಿಲ್ಲ, ಕಾಗದದ ಮೇಲೆ ಕಲೆ ಬಿಡುತ್ತದೆ. ಸೀಮೆಎಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ತೇವದ ಬಗ್ಗೆ ಒಂದು ಮಾತು. ಗಾಳಿಯ ಆರ್ದ್ರತೆ ಶೇಕಡಾ 65–70 ದಾಟಿದರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ, ನಮ್ಮಲ್ಲಿ ಕಕ್ಕಡ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಅದಕ್ಕಿಂತ ಕಡಿಮೆ ಇರುವ ದಿನವನ್ನು ಹುಡುಕಬೇಕು. ಹಾಗೆಂದು ಗೊಂಬೆಮನೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಬಟ್ಟೆ ಒಣಗಿಸುವ ಕೆಂಡದ ಬಿಸಿಗೆ ಹಲಗೆ ಬಿರಿಯುತ್ತದೆ, ಹಳೆಯ ಮರವಜ್ರದ ಅಂಟು ಬಿಟ್ಟುಕೊಳ್ಳುತ್ತದೆ. ಗೋಡೆಯಿಂದ ಒಂದಡಿ ದೂರದಲ್ಲಿ, ನೆಲದಿಂದ ಮೇಲೆ, ಮುಂಬಾಗಿಲು ತೆರೆದಿಟ್ಟು, ಗಾಳಿಯಾಡುವ ಕೋಣೆಯಲ್ಲಿ ಇಡುವುದೇ ಸರಿ. ತೋಟದವರಲ್ಲಿ ಕಾಫಿಯ ತೇವಾಂಶ ಅಳೆಯುವ ಯಂತ್ರವಿರುತ್ತದೆ, ಅದು ಮರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಗಾಳಿಯ ಆರ್ದ್ರತೆ ತೋರಿಸುವ ಚಿಕ್ಕ ಹೈಗ್ರೋಮೀಟರೊಂದನ್ನು ಕೊಂಡು ಗೊಂಬೆಮನೆಯೊಳಗೇ ಇಟ್ಟುಬಿಡಿ.

ಉತ್ತರ (ಮೈಸೂರಿನಿಂದ)

ಮೇಲಿನವರು ಹುಳು ಮತ್ತು ತೇವದ ಬಗ್ಗೆ ಬರೆದಿರುವುದಕ್ಕೆ ನಾನು ಸೇರಿಸಬೇಕಾದ್ದೇನೂ ಇಲ್ಲ. ಅಳತೆಯ ಪ್ರಶ್ನೆಗೆ ನೀವು ಕೊಟ್ಟ ವಿವರಗಳಲ್ಲೇ ಉತ್ತರವಿದೆ. ಆರೂವರೆ ಇಂಚಿನ ಬಾಗಿಲೆಂದರೆ ನಿಜವಾದ ಮನೆಯ ಆರೂವರೆ ಅಡಿಯ ಬಾಗಿಲು; ಹಾಗಾಗಿ ಇದು ಒಂದಡಿಗೆ ಒಂದಿಂಚಿನ, ಅಂದರೆ 1:12ರ ಅಳತೆ. 1921ರಿಂದ 1924ರ ನಡುವೆ ಎಡ್ವಿನ್ ಲುಟೆನ್ಸ್ ರೂಪಿಸಿದ, ಈಗ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯೂ ಇದೇ ಅಳತೆಯದು, ಇಂದಿಗೂ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಆದ್ದರಿಂದ ಕುರ್ಚಿಯ ಆಸನ ನೆಲದಿಂದ ಒಂದೂವರೆ ಇಂಚು ಎತ್ತರದಲ್ಲಿರಬೇಕು. ಹಳೆಯ ಸಾಮಾನಿನಲ್ಲಿ ಕೆಲವೊಮ್ಮೆ ಸ್ವೀಡನ್ನಿನ ಲುಂಡ್ಬಿ ಕಂಪನಿಯ ಚೆಂದದ ಪೀಠೋಪಕರಣಗಳು ಸಿಗುತ್ತವೆ. ಅವು 1:18ರವಾದ್ದರಿಂದ ನಿಮ್ಮ ಕೋಣೆಯಲ್ಲಿ ಮಕ್ಕಳ ಕುರ್ಚಿಗಳಂತೆ ಕಾಣುತ್ತವೆ.

ಆದರೆ ಪೀಠೋಪಕರಣಕ್ಕಿಂತ ಮೊದಲು ಈ ಮನೆಯನ್ನು ಮಾಡಿದವರು ಯಾರು ಎಂದು ನೋಡಬೇಕಲ್ಲವೇ? ತಗಡಿನ ಕಿಟಕಿ ಎಂದೊಡನೆ ಬ್ರಿಟನ್ನಿನ ಟ್ರೈ-ಆಂಗ್ ನೆನಪಾಗುತ್ತದೆ. ಲೈನ್ಸ್ ಮನೆತನದ ಮೂವರು ಸಹೋದರರು 1919ರಲ್ಲಿ ಕಟ್ಟಿದ ಆ ಕಂಪನಿ, ಮೂರು ಗೆರೆ ಸೇರಿದರೆ ತ್ರಿಕೋನವಾಗುತ್ತದೆ ಎಂಬ ಅರ್ಥದಲ್ಲಿ ಆ ಮುದ್ರೆಯನ್ನು ಇಟ್ಟುಕೊಂಡು 1971ರವರೆಗೆ ನಡೆಯಿತು. ಅವರ ಗೊಂಬೆಮನೆಗಳಲ್ಲಿ ಪ್ಲೈವುಡ್, ಹಾರ್ಡ್‌ಬೋರ್ಡುಗಳ ಜೊತೆಗೆ ತಗಡಿನ ಕಿಟಕಿಗಳಿರುತ್ತಿದ್ದವು. ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ಕೆಲವು ಕಡೆ ಕಣ್ಣು ಹಾಯಿಸಬೇಕು. ತಳದ ಹಲಗೆಯ ಕೆಳಮೈ ಯಾವ ಮರದ್ದು? ಕಿಟಕಿಯ ತಗಡಿನ ಒಳಮೈಯಲ್ಲಿ ಏನಿದೆ? ಛಾವಣಿಯ ಹೆಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ಮುದ್ರಣದ ಚುಕ್ಕೆಗಳು ಕಾಣುತ್ತವೆಯೇ, ಪೆನ್ಸಿಲಿನ ಗೆರೆಗಳು ಕಾಣುತ್ತವೆಯೇ? ಬಾಗಿಲಿನ ಕೀಲಿನ ಸಂದಿಯಲ್ಲಿ, ಕುಂಚ ತಲುಪದ ಕಡೆ, ಬಿಳಿಯ ಕೆಳಗೆ ಯಾವ ಬಣ್ಣವಿದೆ? ಎದ್ದುಬಂದಿರುವ ಗೋಡೆಕಾಗದದ ಹಿಂದೆ ಏನಾದರೂ ಅಂಟಿಸಿದ್ದಾರೆಯೇ? ಇವಿಷ್ಟನ್ನು ತಿಳಿಸುವವರೆಗೆ ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳಬೇಡಿ.

ಕಿಟಕಿಯ ಹಳದಿ ಹಾಳೆಯನ್ನು ಬೆರಳಿನಿಂದ ಚೆನ್ನಾಗಿ ತಿಕ್ಕಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹಳೆಯದಾದಂತೆ ಆಮ್ಲದ ಆವಿ ಬಿಟ್ಟು ಪಕ್ಕದ ತಗಡಿಗೆ ತುಕ್ಕು ಹಿಡಿಸುತ್ತದೆ. ನಾನಾದರೆ ಒಂದು ತುಂಡನ್ನು ಗಾಳಿಯಾಡುವ ಲಕೋಟೆಯಲ್ಲಿ ಮಾದರಿಗೆಂದು ಬೇರೆಡೆ ಎತ್ತಿಟ್ಟು ಉಳಿದುದನ್ನು ತೆಗೆದು, ತೆಳು ಅಕ್ರಿಲಿಕ್ ಹಾಳೆ ಹಾಕುತ್ತೇನೆ.

ಪ್ರಶ್ನೆ ಕೇಳಿದವರು (ಸಿದ್ದಾಪುರದಿಂದ)

ಇಬ್ಬರಿಗೂ ಧನ್ಯವಾದಗಳು. ಮನೆಯನ್ನು ಕಪ್ಪು ಕಾಗದದ ಮೇಲೆ ಪ್ರತ್ಯೇಕ ಕೋಣೆಯಲ್ಲಿ ಇಟ್ಟಿದ್ದೇನೆ. ಇದುವರೆಗೆ ಪುಡಿ ಬಿದ್ದಿಲ್ಲ.

ತ್ರಿಕೋನದ ಮುದ್ರೆ ಎಲ್ಲಿಯೂ ಇಲ್ಲ. ತಳದ ಕೆಳಮೈ ಹಳದಿ ಮಿಶ್ರಿತ ಕಂದು ಬಣ್ಣದ್ದು. ಊರಿನ ಆಚಾರಿಯೊಬ್ಬರು ನೋಡಿದ ಕೂಡಲೇ ಹಲಸು ಎಂದರು, ರಂಧ್ರಗಳೆಲ್ಲ ಹಲಗೆಯ ಅಂಚಿನ ಬಿಳಿ ಭಾಗದಲ್ಲೇ ಇವೆ, ಕೆಚ್ಚಿನಲ್ಲಿ ಒಂದೂ ಇಲ್ಲ ಎಂಬುದನ್ನೂ ಅವರೇ ತೋರಿಸಿದರು. ಹಿಂಬದಿ ಮಾತ್ರ ತೆಳು ಪ್ಲೈವುಡ್. ಕಿಟಕಿಯ ಒಂದು ಚೌಕಟ್ಟು ಸಡಿಲವಾಗಿತ್ತು. ಅದನ್ನು ತಿರುಗಿಸಿದಾಗ ಒಳಮೈಯಲ್ಲಿ ನೀಲಿ ಮತ್ತು ಚಿನ್ನದ ಬಣ್ಣದ ಅಚ್ಚು, ಅರ್ಧಕ್ಕೆ ಕತ್ತರಿಸಿದ ಇಂಗ್ಲಿಷ್ ಅಕ್ಷರಗಳು ಕಂಡವು. ಬಿಸ್ಕತ್ತಿನ ಡಬ್ಬಿಯಾಗಿರಬೇಕು. ಹೆಂಚುಗಳು ಅಚ್ಚಿನವಲ್ಲ, ಪೆನ್ಸಿಲಿನಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆದು ಕೆಂಪು ಬಣ್ಣ ತುಂಬಿದ್ದಾರೆ, ಒಂದು ಸಾಲಿನಲ್ಲಿ ಗೆರೆ ತಪ್ಪಿ ಅಳಿಸಿದ ಗುರುತೂ ಇದೆ. ಕೀಲಿನ ಸಂದಿಯಲ್ಲಿ ಬಿಳಿಯ ಕೆಳಗೆ ತೆಳು ಹಳದಿ, ಅದರ ಕೆಳಗೆ ಹಸಿರು. ಗೋಡೆಕಾಗದದ ಹಿಂದೆ ಇಂಗ್ಲಿಷ್ ಪತ್ರಿಕೆಯ ತುಂಡಿದ್ದು, ಅದರ ಜಾಹೀರಾತಿನಲ್ಲಿ ಬೆಲೆ ರೂಪಾಯಿ–ಆಣೆಗಳಲ್ಲಿದೆ.

ಉತ್ತರ (ಮೈಸೂರಿನಿಂದ)

ಹಾಗಾದರೆ ಇದು ಕಾರ್ಖಾನೆಯ ಮಾಲಲ್ಲ. ಬಂಗಲೆಯ ಮಗುವಿಗಾಗಿ ಕೊಡಗಿನದೇ ಆಚಾರಿಯೊಬ್ಬರು, ಬಹುಶಃ ಯಾವುದೋ ಇಂಗ್ಲಿಷ್ ಪತ್ರಿಕೆಯ ನಕ್ಷೆಯನ್ನು ಮುಂದಿಟ್ಟುಕೊಂಡು, ಕೈಗೆ ಸಿಕ್ಕ ಹಲಸು ಮತ್ತು ಡಬ್ಬಿಯ ತಗಡಿನಿಂದ ಮಾಡಿದ ಮನೆ ಎಂದು ನನಗೆ ತೋರುತ್ತದೆ. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ; ಆದ್ದರಿಂದ ಆ ಪತ್ರಿಕೆ ಬಹುಶಃ ಅದಕ್ಕಿಂತ ಹಿಂದಿನದು, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲದ್ದೂ ಆಗಿರಬಹುದು. ಆದರೆ ಪತ್ರಿಕೆಯಿಂದ ಮನೆಯ ವಯಸ್ಸನ್ನು ನಿರ್ಧರಿಸಲಾಗದು. ಹಳೆಯ ಪತ್ರಿಕೆಯನ್ನು ವರ್ಷಗಳ ನಂತರ ಅಂಟಿಸಿರಬಹುದು, ಮನೆ ಮೊದಲೇ ಇದ್ದು ಗೋಡೆಕಾಗದ ಆಮೇಲೆ ಬಂದಿರಲೂಬಹುದು.

ಇದರಿಂದ ನನ್ನ ಸಲಹೆ ಬದಲಾಗುತ್ತದೆ. ಟ್ರೈ-ಆಂಗ್ ಆಗಿದ್ದರೆ ಅಂಥ ಇನ್ನೊಂದನ್ನು ನೋಡಿ ಕಳೆದುಹೋದ ಭಾಗಗಳನ್ನು ಮಾಡಬಹುದಿತ್ತು. ಇದಕ್ಕೆ ಜೊತೆಯಿಲ್ಲ. ತಪ್ಪಿದ ಗೆರೆಯನ್ನು ತಿದ್ದಬೇಡಿ, ಛಾವಣಿಗೆ ಹೊಸ ಕಾಗದ ಹಾಕಬೇಡಿ. ಎದ್ದ ಅಂಚುಗಳನ್ನು ಮೀಥೈಲ್ ಸೆಲ್ಯುಲೋಸ್ ಅಂಟಿನಿಂದ ಕೂರಿಸಿ. ನೀರು ತಗುಲಿಸಿದರೆ ಅದು ಮತ್ತೆ ಬಿಡುತ್ತದೆ, ಮುಂದೆ ಕೆಲಸ ಮಾಡುವವರಿಗೆ ಅನುಕೂಲ. ಕಾಗದಕ್ಕೆ ಫೆವಿಕಾಲ್ ಬೇಡ. ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಪುಸ್ತಕ ಕಟ್ಟುವವರ ಪದ್ಧತಿಯೂ ಇಲ್ಲಿ ಬೇಡ. ತೋಟಕ್ಕೆ ಸಿಂಪಡಿಸುವ ಬೋರ್ಡೋ ಮಿಶ್ರಣಕ್ಕೆಂದು ತಂದ ಮೈಲುತುತ್ತ ನಿಮ್ಮ ಉಗ್ರಾಣದಲ್ಲಿ ಇದ್ದೇ ಇರುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಹುಳು ಬಾರದಿರಬಹುದು, ಕಾಗದ ಮಾತ್ರ ಕಾಲಕ್ರಮೇಣ ಕಂದುಗಟ್ಟುತ್ತದೆ. ಬೂಷ್ಟನ್ನು ಒಣಗಿದ ನಂತರ ಮನೆಯ ಹೊರಗೆ, ಮುಖಗವಸು ಹಾಕಿಕೊಂಡು, ಮೃದುವಾದ ಒಣ ಕುಂಚದಿಂದ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಾಗದದೊಳಗೆ ಹರಡುತ್ತದೆ.

ಉತ್ತರ (ಮಡಿಕೇರಿಯಿಂದ)

ಮೈಸೂರಿನವರ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಹೊರಗಿನ ಬಿಳಿ ಬಣ್ಣದ ವಿಷಯವನ್ನು ಅವರು ಬಿಟ್ಟಿರುವುದನ್ನು ಒಪ್ಪುವುದಿಲ್ಲ. ಆ ದಪ್ಪ ಬಿಳಿ ಯಾವುದೋ ಗೋಡೆಗೆ ತಂದು ಉಳಿದ ಬಣ್ಣದಂತಿದೆ. ಆಚಾರಿ ಕೊರೆದ ಕಿಟಕಿಯಂಚುಗಳನ್ನೆಲ್ಲ ಅದು ಮುಚ್ಚಿದ್ದರೆ, ಅದನ್ನೂ ಇತಿಹಾಸವೆಂದು ಪೂಜಿಸುವುದರಲ್ಲಿ ಅರ್ಥವಿಲ್ಲ. ಬಿಳಿಯನ್ನಷ್ಟೇ ನಿಧಾನವಾಗಿ ತೆಗೆದು ಹಸಿರಿಗೆ ಇಳಿಯದೆ ಹಳದಿಯಲ್ಲಿ ನಿಲ್ಲಿಸಿದರೆ ಮನೆ ತನ್ನ ರೂಪಕ್ಕೆ ಬರುತ್ತದೆ. ನಾನು ಹಿಂಬದಿಯ ಒಂದು ಚದರ ಇಂಚಿನಲ್ಲಿ ಮೊದಲು ಪರೀಕ್ಷಿಸುತ್ತೇನೆ: ಬೆಚ್ಚಗಿನ ನೀರು, ಆಮೇಲೆ ಸ್ಪಿರಿಟ್, ಅದಕ್ಕೂ ಬಗ್ಗದಿದ್ದರೆ ಮರದ ಚೂಪು ಕಡ್ಡಿ. ಕೆಳಗೆ ಅರಗಿನ ವಾರ್ನಿಷ್ ಇದ್ದರೆ ಸ್ಪಿರಿಟ್ ಅದನ್ನೂ ಕರಗಿಸುತ್ತದೆ, ಆಗ ಕೂಡಲೇ ನಿಲ್ಲಿಸಬೇಕು.

ಯಾವ ಕಾರಣಕ್ಕೂ ಒಣಗಿದ ಬಣ್ಣವನ್ನು ಉಜ್ಜಬೇಡಿ. ಆ ಕಾಲದ ಹಳದಿ, ಹಸಿರುಗಳಲ್ಲಿ ಸೀಸವಿರುವ ಸಾಧ್ಯತೆ ಬಹಳ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಒದ್ದೆ ಮಾಡಿಯೇ ಕೆಲಸ ಮಾಡಿ, ಉದುರಿದ್ದನ್ನು ಕಾಗದದಲ್ಲಿ ಕಟ್ಟಿ ಎಸೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಆಟಕ್ಕಲ್ಲ, ನೋಡಲು ಮಾತ್ರ ಎಂಬುದನ್ನು ಈಗಲೇ ತೀರ್ಮಾನಿಸಿ. ಆಟಕ್ಕೆ ನಿಮ್ಮ ಹಿಂದಿನ ಪ್ಲೈವುಡ್ ಮನೆಗಳಿವೆಯಲ್ಲ.

ಪೀಠೋಪಕರಣಕ್ಕೆ ನಮ್ಮ ತೋಟದಲ್ಲೇ ಒಳ್ಳೆಯ ಮರವಿದೆ. ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ, ಆದರೆ ಅದರ ಅಗಲವಾದ ಹೊಳೆಯುವ ಕಲೆಗಳು ಇಷ್ಟು ಚಿಕ್ಕ ಮೇಜಿನ ಮೇಲೆ ತೇಪೆ ಹಾಕಿದಂತೆ ಕಾಣುತ್ತವೆ. ಕಸಿ ಮಾಡುವಾಗ, ಅಂದರೆ ಗಿಡ ಸವರುವಾಗ, ಕಡಿದ ದಪ್ಪ ಕಾಫಿ ಕೊಂಬೆಗಳನ್ನು ನೆರಳಿನಲ್ಲಿ ಒಣಗಿಸಿ ನೋಡಿ. ಒತ್ತಾದ ಮರ, ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ, ಮಂಚದ ಕಾಲು ಕಡೆಯಲು ಬಹಳ ಚೆನ್ನ. ಚನ್ನಪಟ್ಟಣದವರು ಬಳಸುವ ಆಲೆ ಮರವೂ ಆಗುತ್ತದೆ.

ಪ್ರಶ್ನೆ ಕೇಳಿದವರು (ಸಿದ್ದಾಪುರದಿಂದ)

ಛಾವಣಿಯ ಹೆಂಚುಗಳನ್ನು ಅಳೆದೆ. ಒಂದೊಂದೂ ಎರಡು ಸೆಂಟಿಮೀಟರ್ ಅಗಲವಿದೆ. ನಮ್ಮ ಮನೆಯ ಮಂಗಳೂರು ಹೆಂಚಿನ ಅಗಲ ಇಪ್ಪತ್ತನಾಲ್ಕು ಸೆಂಟಿಮೀಟರ್. ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ನಕ್ಷೆ ಇಂಗ್ಲಿಷ್ ಪತ್ರಿಕೆಯದೇ ಇರಬಹುದು, ಛಾವಣಿಯನ್ನು ಮಾತ್ರ ಆಚಾರಿ ತನ್ನ ತಲೆಯ ಮೇಲಿದ್ದ ಬಂಗಲೆಯಿಂದಲೇ ತೆಗೆದುಕೊಂಡಂತಿದೆ.

ಬಿಳಿ ಬಣ್ಣದ ಪರೀಕ್ಷೆಯನ್ನು ಮಳೆ ನಿಂತ ಮೇಲೆ, ಕಾವೇರಿ ಸಂಕ್ರಮಣ ಕಳೆದು ಹವೆ ಒಣಗಿದಾಗ ಮಾಡುತ್ತೇನೆ. ಅಲ್ಲಿಯವರೆಗೆ ಹೈಗ್ರೋಮೀಟರ್ ಮತ್ತು ಕಪ್ಪು ಕಾಗದ ಎರಡನ್ನೂ ನೋಡುತ್ತಿರುತ್ತೇನೆ. ಗೋಣಿಕೊಪ್ಪಲಿನವರಲ್ಲಿ ಒಂದು ಪ್ರಶ್ನೆ ಉಳಿದಿದೆ: ಹಿಂಬದಿಯ ಪ್ಲೈವುಡ್ಡನ್ನು ಮೊಳೆ ಕೀಳದೆ ಬಿಡಿಸಲಾಗುತ್ತಿಲ್ಲ, ಅದನ್ನು ಹಾಗೆಯೇ ಬಿಟ್ಟು ಬಾಗಿಲುಗಳನ್ನೂ ತಳವನ್ನೂ ಮಾತ್ರ ಶೈತ್ಯಕ್ಕೆ ಕೊಟ್ಟರೆ ಸಾಕೇ?

ಉತ್ತರ (ಗೋಣಿಕೊಪ್ಪಲಿನಿಂದ)

ಸಾಲದು. ಪ್ಲೈವುಡ್ಡಿಗೂ ಆ ಹುಳು ಹತ್ತುತ್ತದೆ, ಅರ್ಧ ಮನೆಗೆ ಮಾಡಿದ ಚಿಕಿತ್ಸೆ ಮಾಡದಂತೆಯೇ. ಆದರೆ ಹಳೆಯ ಮೊಳೆಗಳನ್ನು ಕೀಳಲೂಬೇಡಿ, ತಲೆ ಮುರಿದರೆ ಹಲಸಿನ ಹಲಗೆ ಸೀಳುತ್ತದೆ. ಕಪ್ಪು ಕಾಗದದ ಮೇಲೆ ಪುಡಿ ಬೀಳದಿದ್ದರೆ ಈ ವರ್ಷ ಏನೂ ಮಾಡದೆ ಕಾಯಿರಿ. ಬಿದ್ದರೆ ಬಾಗಿಲುಗಳನ್ನಷ್ಟೇ ಕಳಚಿ, ಉಳಿದುದನ್ನು ಇಡಿಯಾಗಿಯೇ ಹಿಡಿಸುವ ಫ್ರೀಜರನ್ನು ಹುಡುಕೋಣ. ಇಲ್ಲಿ ಕೋಳಿ ಅಂಗಡಿಯವರೊಬ್ಬರು ನನಗೆ ಪರಿಚಯ, ಕೇಳಿ ನೋಡುತ್ತೇನೆ. ಮನೆಯ ಆಳ ಎಷ್ಟು ಇಂಚು ಎಂದು ತಿಳಿಸಿ.