ಹೊಲಿಗೆ ಗುಂಪಿಗೆ ರಾಜಕೀಯ ನುಗ್ಗಿದೆ, ಏನು ಮಾಡಲಿ? ಅನುಭವ ಇದ್ದವರು ಹೇಳಿ

ಸೂಜಿದಾರ (ಪ್ರಶ್ನೆ):
ಹೊಲಿಗೆ ಕಲಿಯುವವರಿಗಾಗಿ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದೇನೆ. ಆರು ವರ್ಷ ಆಯಿತು, ಈಗ 340 ಜನ ಇದ್ದಾರೆ. ಮೊದಲೆಲ್ಲ ಅಳತೆ, ಕಟಿಂಗು, ಝಿಪ್ ಹಾಕುವುದು, ಕೈ ತಪ್ಪಿ ಕತ್ತರಿಸಿದ ತೋಳು, ಇದೇ ಮಾತು. ಈಗ ಬೆಳಿಗ್ಗೆ ಎದ್ದು ನೋಡಿದರೆ 200 ಮೆಸೇಜು. ಅದರಲ್ಲಿ ಹೊಲಿಗೆಯದ್ದು ನಾಲ್ಕು. ಉಳಿದದ್ದೆಲ್ಲ ಯಾವ ಪಕ್ಷ ಸರಿ, ಯಾವ ನಾಯಕ ಕಳ್ಳ ಅನ್ನುವುದು. ಜಗಳ ಆಡುವವರು ಆರೇಳು ಜನ ಅಷ್ಟೇ. ಅವರಲ್ಲಿ ಇಬ್ಬರು ನಮ್ಮ ಗುಂಪಿನಲ್ಲೇ ಒಳ್ಳೆಯ ಟೈಲರ್‌ಗಳು, ಅದೇ ತಲೆನೋವು. "ರಾಜಕೀಯ ಬೇಡ" ಅಂತ ಮೂರು ಸಲ ಹಾಕಿದೆ. ಒಂದು ದಿನ ಸುಮ್ಮನಿರುತ್ತಾರೆ, ಮಾರನೇ ದಿನ ಮತ್ತೆ ಶುರು. ಹೋದ ತಿಂಗಳು ಹನ್ನೊಂದು ಜನ ಏನೂ ಹೇಳದೆ ಗುಂಪು ಬಿಟ್ಟರು. ಪೂರ್ತಿ ನಿಷೇಧ ಮಾಡಲಾ? ಜಗಳಕ್ಕೇ ಇನ್ನೊಂದು ಗುಂಪು ಮಾಡಿಕೊಡಲಾ? ಇದನ್ನು ದಾಟಿ ಬಂದವರು ಇದ್ದರೆ ನಿಮಗೆ ಆದದ್ದನ್ನು ಹೇಳಿ, ಉಪದೇಶ ಬೇಡ.

ಹಳೇ ಅಡ್ಮಿನ್:
ಹಳೆಯ ಕ್ಯಾಮೆರಾ ರಿಪೇರಿ ಮಾಡುವವರ ಗುಂಪೊಂದನ್ನು ಒಂಬತ್ತು ವರ್ಷ ನೋಡಿಕೊಂಡಿದ್ದೇನೆ. ನಿಮ್ಮ ಕಥೆ ಓದುವಾಗ ನನ್ನದೇ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಒಂದು ಸಂಜೆ ಹೊಸಬನೊಬ್ಬ ಒಂದು ಲೆನ್ಸಿನ ಫೋಟೋ ಹಾಕಿದ. ಒಳಗಿನ ಬ್ಲೇಡು ಅಂಟಿಕೊಂಡಿದೆ, ತೆರೆಯುತ್ತಿಲ್ಲ, ಅಜ್ಜನ ಕ್ಯಾಮೆರಾ, ಹೇಗಾದರೂ ಸರಿ ಮಾಡಬೇಕು ಅಂತ ಬರೆದಿದ್ದ. ಎರಡು ನಿಮಿಷ ಆಗಿರಲಿಲ್ಲ, ಇನ್ಯಾರೋ ಒಂದು ಫಾರ್ವರ್ಡ್ ಹಾಕಿದರು. ಅಲ್ಲಿಂದ ರಾತ್ರಿ ಹನ್ನೆರಡರವರೆಗೆ 160 ಮೆಸೇಜು. ಆ ಹುಡುಗ ಮಧ್ಯದಲ್ಲಿ ಒಮ್ಮೆ "ಸರ್, ಯಾರಾದರೂ ನೋಡಿದಿರಾ?" ಅಂತ ಕೇಳಿದ. ಅದರ ಮೇಲೂ ಕೆಳಗೂ ಬೈಗುಳ. ಬೆಳಿಗ್ಗೆ ನಾನು ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದರೆ ಫೋಟೋ ಇದ್ದ ಜಾಗದಲ್ಲಿ "ಈ ಮೆಸೇಜ್ ಅಳಿಸಲಾಗಿದೆ" ಅಂತ ಇತ್ತು. ಅವನೇ ಅಳಿಸಿಕೊಂಡಿದ್ದ. ಆಮೇಲೆ ಅವನು ಏನೂ ಬರೆಯಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಸಾಲು ಮಾರಾಯ್ರೆ: ಬ್ಲೇಡಿಗೆ ಎಣ್ಣೆ ಹತ್ತಿದೆ, ಬಿಚ್ಚಿ ಲೈಟರ್ ಫ್ಲೂಯಿಡ್‌ನಲ್ಲಿ ಒರೆಸು. ಅದು ಗೊತ್ತಿದ್ದವರು ಗುಂಪಿನಲ್ಲಿ ಕಡಿಮೆ ಅಂದರೂ ಇಪ್ಪತ್ತು ಜನ ಇದ್ದರು. ಆ 160ರಲ್ಲಿ ನನ್ನವೇ 14 ಇದ್ದವು, ಅದನ್ನೂ ಹೇಳಿಬಿಡುತ್ತೇನೆ. ಅಡ್ಮಿನ್ ಆಗಿ "ಸಮಾಧಾನ, ಸಮಾಧಾನ" ಅಂತ ಶುರು ಮಾಡಿ ಕೊನೆಗೆ ನಾನೇ ಒಂದು ಕಡೆ ನಿಂತು ಕೂಗಾಡಿದ್ದೆ.

ಅಂದಿನಿಂದ ನಾನು ಜಗಳದ ಮೆಸೇಜು ಎಣಿಸುವುದು ಬಿಟ್ಟು ಉತ್ತರ ಸಿಗದ ಪ್ರಶ್ನೆ ಎಣಿಸತೊಡಗಿದೆ. ನೀವೂ ಎರಡು ವಾರ ಬರೆದಿಡಿ. ರಾಜಕೀಯ ಎಷ್ಟು ಬಂತು ಅನ್ನುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳು ಹಾಗೇ ಬಿದ್ದಿದ್ದವು, ಅದೂ ಜಗಳ ಇಲ್ಲದ ದಿನಗಳಲ್ಲೂ. ಅಂದರೆ ಗುಂಪು ಮೊದಲೇ ಸೊರಗಿತ್ತು, ಖಾಲಿ ಜಾಗಕ್ಕೆ ಜಗಳ ಬಂದು ಕೂತಿತ್ತು. ನಾನು ಮತ್ತು ಇನ್ನಿಬ್ಬರು ಪಾಳಿ ಹಾಕಿಕೊಂಡೆವು. ಪ್ರಶ್ನೆ ಬಂದ ಅರ್ಧ ಗಂಟೆಯೊಳಗೆ ಯಾರಾದರೂ ಉತ್ತರ ಕೊಡಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹೆಸರು ಹಿಡಿದು ಕರೆಯಬೇಕು. ಜಗಳದ ಮಧ್ಯೆ ಪ್ರಶ್ನೆ ಮುಳುಗಿದರೆ ಅದಕ್ಕೇ ರಿಪ್ಲೈ ಒತ್ತಿ ಮತ್ತೆ ಕೆಳಗೆ ತರಬೇಕು. ಇಷ್ಟರಿಂದಲೇ ಅರ್ಧ ಗದ್ದಲ ಇಳಿಯಿತು. ನಂಬುವುದು ಕಷ್ಟ, ನನಗೂ ಕಷ್ಟವಾಗಿತ್ತು.

ಇನ್ನು ನಿಯಮ. "ರಾಜಕೀಯ ಬೇಡ" ಅನ್ನುವುದು ನಿಯಮವೇ ಅಲ್ಲ, ಅದು ಬೇಡಿಕೆ. ಯಾವುದು ರಾಜಕೀಯ ಅನ್ನುವುದೇ ಮುಂದಿನ ಜಗಳ ಆಗುತ್ತದೆ. ಬಟ್ಟೆ ಮೇಲಿನ ತೆರಿಗೆ ಏರಿದರೆ ಅದನ್ನು ನಿಮ್ಮ ಗುಂಪಿನಲ್ಲಿ ಮಾತಾಡಬಾರದಾ? ನಾವು ಕಣ್ಣಿಗೆ ಕಾಣುವ ಒಂದು ಗುರುತು ಹಿಡಿದೆವು. ತುಂಬಾ ಸಲ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕುತ್ತದಲ್ಲ, ಐದು ಅಥವಾ ಜಾಸ್ತಿ ಕೈ ದಾಟಿ ಬಂದದ್ದು ಅಂತ ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬಿಡುತ್ತಾರೆ. ಎರಡು ಬಾಣದ್ದು ಏನೇ ಇರಲಿ, ಯಾವ ಪಕ್ಷದ್ದೇ ಇರಲಿ, ಸುಪ್ರಭಾತದ ಹೂವೇ ಇರಲಿ, ಅಳಿಸುತ್ತೇವೆ ಅಂದೆವು. 2022ರಿಂದ ಅಡ್ಮಿನ್‌ಗೆ ಯಾರ ಮೆಸೇಜನ್ನಾದರೂ ಅಳಿಸುವ ಅವಕಾಶ ಇದೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ, ಬಾಣ ಇದೆ ಅಥವಾ ಇಲ್ಲ. ತೆರಿಗೆಯಂಥ ವಿಷಯಕ್ಕೆ ಇನ್ನೊಂದು ಅಳತೆ: ಇದಕ್ಕೆ ಉತ್ತರ ಕೊಟ್ಟರೆ ಯಾರ ಕೆಲಸಕ್ಕಾದರೂ ಉಪಯೋಗ ಆಗುತ್ತದಾ? "ತೆರಿಗೆ ಏರಿದೆ, ಹೊಲಿಗೆ ಕೂಲಿ ಎಷ್ಟು ಏರಿಸಿದಿರಿ?" ಇರಲಿ. "ಏರಿಸಿದವನ ಮುಖ ನೋಡಿ" ಬೇಡ.

ಅಡ್ಮಿನ್ ಮಾತ್ರ ಬರೆಯುವ ಸೆಟ್ಟಿಂಗ್ 2018ರಿಂದ ಇದೆ. ಅದನ್ನು ಒಂದು ರಾತ್ರಿಗೆ ಹಾಕಬಹುದು, ಬೆಂಕಿ ಆರಲು. ಒಂದು ವಾರ ಹಾಕಿದಿರೋ, ಗುಂಪು ನೋಟಿಸ್ ಬೋರ್ಡ್ ಆಗುತ್ತದೆ. ನಾನು ಹಾಕಿ ಕೆಟ್ಟವನು.

ಮೂಕ ಓದುಗ:
ನಾನು ಬಿಟ್ಟು ಹೋದವರ ಪೈಕಿ. ನಿಮ್ಮ ಗುಂಪಲ್ಲ, ಇನ್ನೊಂದು. ಜಗಳ ನೋಡಿ ಬೇಜಾರಾಗಿ ಬಿಟ್ಟೆ ಅಂತ ಎಲ್ಲರೂ ಅಂದುಕೊಂಡಿರಬಹುದು, ಅದು ಪೂರ್ತಿ ನಿಜ ಅಲ್ಲ. ಜಗಳ ಮ್ಯೂಟ್ ಮಾಡಬಹುದು. ಆದರೆ ಒಂದು ದಿನ ಏನೋ ಕೇಳೋಣ ಅಂತ ಟೈಪ್ ಮಾಡಿ, ಕಳಿಸುವ ಮೊದಲು ನಿಲ್ಲಿಸಿದೆ. ಇವರು ನನ್ನ ಹೆಸರು, ಡಿಪಿ ನೋಡಿ ನಾನು ಯಾವ ಕಡೆ ಅಂತ ಅಳೆಯುತ್ತಾರೆ, ಆಮೇಲೆ ಉತ್ತರ ಕೊಡಬೇಕೋ ಬೇಡವೋ ಅಂತ ನೋಡುತ್ತಾರೆ ಅನ್ನಿಸಿತು. ಹಾಗೆ ಯಾರೂ ಮಾಡಿರಲಿಲ್ಲ. ಅನ್ನಿಸಿತು ಅಷ್ಟೇ. ಅಳಿಸಿದೆ, ಹೊರಗೆ ಬಂದೆ.

ಇನ್ನೊಂದು ಮಾತು. 2022ರಿಂದ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆ ಹನ್ನೊಂದು ಜನ ಹೋದದ್ದು ನಿಮಗೆ ಗೊತ್ತು, ಜಗಳ ಆಡುವವರಿಗೆ ಗೊತ್ತೇ ಇಲ್ಲ. ಅವರ ಕಣ್ಣಿಗೆ ಎಲ್ಲರೂ ಕೂತು ಆಸಕ್ತಿಯಿಂದ ನೋಡುತ್ತಿದ್ದಾರೆ. ಹೇಳಿ ಅವರಿಗೆ.

ಜಗಳಗಂಟ (ನಿವೃತ್ತ):
ಮೇಲೆ ಹೇಳಿದ ಕ್ಯಾಮೆರಾ ಗುಂಪಿನಲ್ಲಿ ಅಲ್ಲದಿದ್ದರೂ ಅಂಥದ್ದೇ ಒಂದರಲ್ಲಿ ಆ ಆರೇಳು ಜನರಲ್ಲಿ ನಾನೊಬ್ಬ. ಹಾಗಾಗಿ ಒಳಗಿನ ಸುದ್ದಿ ಕೊಡುತ್ತೇನೆ.

ಮೊದಲನೆಯದು, ನಾನು ಯಾವತ್ತೂ ಜಗಳ ಶುರು ಮಾಡಿಲ್ಲ. ಕೇಳಿ ನೋಡಿ, ಆ ಆರೇಳು ಜನರೂ ಇದನ್ನೇ ಹೇಳುತ್ತಾರೆ. ಸುಳ್ಳನ್ನು ಹಾಗೇ ಬಿಟ್ಟುಬಿಡುವುದು ಸರಿಯಲ್ಲ, ಉತ್ತರ ಕೊಡದಿದ್ದರೆ 300 ಜನ ನಂಬಿಬಿಡುತ್ತಾರೆ ಅನ್ನುವ ಚಡಪಡಿಕೆ, ಊಟ ಆರಿ ತಣ್ಣಗಾದರೂ ಫೋನು ಕೆಳಗಿಡಲು ಆಗುತ್ತಿರಲಿಲ್ಲ. ಎಲ್ಲರ ಎದುರು "ರಾಜಕೀಯ ಬೇಡ" ಅಂದರೆ ನನಗೆ ಕೇಳಿಸುತ್ತಿದ್ದದ್ದು "ನೀನು ಸೋತೆ, ಅವನ ಮಾತೇ ಕೊನೆಯದು" ಅಂತ.

ಎರಡನೆಯದು, ವ್ಯಂಗ್ಯ. ನಾನು ತಮಾಷೆಗೆ ಬರೆದದ್ದನ್ನು ಜನ ನಿಜಕ್ಕೇ ತೆಗೆದುಕೊಳ್ಳುತ್ತಿದ್ದರು. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಯವರು 2005ರಲ್ಲಿ ಈಮೇಲ್ ಮೇಲೆ ಒಂದು ಅಧ್ಯಯನ ಮಾಡಿದ್ದಾರೆ. ಬರೆದವರು ತಮ್ಮ ವ್ಯಂಗ್ಯ ಸುಮಾರು 78 ಶೇಕಡಾ ಅರ್ಥ ಆಗುತ್ತದೆ ಅಂದುಕೊಂಡಿದ್ದರು, ಓದಿದವರಿಗೆ ಅರ್ಥ ಆದದ್ದು 56 ಶೇಕಡಾ, ಅಂದರೆ ನಾಣ್ಯ ಚಿಮ್ಮಿದರೂ ಹೆಚ್ಚೂ ಕಡಿಮೆ ಅಷ್ಟೇ ಸಿಗುತ್ತದೆ. ಓದಿ ನಾಚಿಕೆ ಆಯಿತು. ಇನ್ನು 1990ರಲ್ಲೇ ಮೈಕ್ ಗಾಡ್ವಿನ್ ಅನ್ನುವವರು ಹೇಳಿಟ್ಟಿದ್ದಾರೆ, ಆನ್‌ಲೈನ್ ಚರ್ಚೆ ಉದ್ದ ಆದಷ್ಟೂ ಯಾರಾದರೂ ಹಿಟ್ಲರನ್ನು ಎಳೆದು ತರುವುದು ಗ್ಯಾರಂಟಿ ಅಂತ. ನಮ್ಮ ಗುಂಪಿನಲ್ಲಿ ಯಾವ ಫಿಲಂ ರೋಲ್ ಒಳ್ಳೆಯದು ಅನ್ನುವ ಚರ್ಚೆಯಲ್ಲೇ ಹಿಟ್ಲರ್ ಬಂದುಹೋಗಿದ್ದಾನೆ.

ನಾನು ನಿಂತದ್ದು ಒಂದು ಫೋನಿನಿಂದ. ಅಡ್ಮಿನ್ ನನಗೆ ಕರೆ ಮಾಡಿದರು. ಬೈಯಲಿಲ್ಲ. "ನೀವು ವಾರಕ್ಕೊಂದು ಲೆನ್ಸ್ ಬಿಚ್ಚುವ ವಿಡಿಯೋ ಹಾಕುತ್ತಿದ್ದಿರಿ, ನಿಂತು ಎರಡು ತಿಂಗಳಾಯಿತು, ಜನ ಕೇಳುತ್ತಿದ್ದಾರೆ" ಅಂದರು. ಜನ ನನ್ನನ್ನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಇಬ್ಬರು ಟೈಲರ್‌ಗಳಿಗೆ ಫೋನ್ ಮಾಡಿ, ಮೆಸೇಜು ಬೇಡ. ಇಬ್ಬರಿಗೂ ಒಂದೇ ದಿನ ಮಾಡಿ, ಇಲ್ಲದಿದ್ದರೆ ಒಬ್ಬರ ಪರ ಅನ್ನುತ್ತಾರೆ.

ಒಪ್ಪುವುದಿಲ್ಲ:
ಎಲ್ಲರೂ ರಾಜಕೀಯ ಅಂದರೆ ಕೊಳೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನ ಕೆಲಸ ಹೋದಾಗ ನಾನು ನಮ್ಮ ಹವ್ಯಾಸದ ಗುಂಪಿನಲ್ಲಿ ಅದನ್ನು ಬರೆದೆ. "ಇಲ್ಲಿ ರಾಜಕೀಯ ಬೇಡ" ಅಂತ ಉತ್ತರ ಬಂತು. ನನ್ನ ಪಾಲಿಗೆ ಅದು ನನ್ನ ಮನೆ ಸಮಾಚಾರ. ಎಲ್ಲ ಚೆನ್ನಾಗಿ ನಡೆಯುತ್ತಿರುವವರಿಗೆ ರಾಜಕೀಯ ಬಿಟ್ಟು ಮಾತಾಡುವುದು ಸುಲಭ, ಅಲ್ವಾ?

ವೊಯ್ಚೆಶಾಕ್ ಮತ್ತು ಮಟ್ಜ್ ಅನ್ನುವ ಇಬ್ಬರು ಸಂಶೋಧಕಿಯರು 2009ರಲ್ಲಿ ತೋರಿಸಿದ್ದು ಕೂಡ ಯೋಚಿಸುವಂಥದ್ದು. ಆನ್‌ಲೈನ್‌ನಲ್ಲಿ ಜನ ತಮಗೆ ಒಪ್ಪದ ರಾಜಕೀಯ ಮಾತು ಕೇಳುವುದು ರಾಜಕೀಯದ ಗುಂಪುಗಳಲ್ಲಿ ಕಡಿಮೆ, ಅಲ್ಲಿ ಹೆಚ್ಚಿನವರು ಒಂದೇ ಕಡೆಯವರು. ಹವ್ಯಾಸದಂಥ ಗುಂಪುಗಳಲ್ಲೇ ಅದು ಜಾಸ್ತಿ. ಅದನ್ನೂ ಮುಚ್ಚಿದರೆ ಇನ್ನೆಲ್ಲಿ ಕೇಳುವುದು?

ನಿಷೇಧ ಹಾಕಿದರೆ ಶಾಂತಿ ಬರುತ್ತದೆ ಅಂತಲೂ ಇಲ್ಲ. ಬೇಸ್‌ಕ್ಯಾಂಪ್ ಅನ್ನುವ ಸಾಫ್ಟ್‌ವೇರ್ ಕಂಪನಿ 2021ರ ಏಪ್ರಿಲ್‌ನಲ್ಲಿ ಕೆಲಸದ ಜಾಗದಲ್ಲಿ ರಾಜಕೀಯ ಚರ್ಚೆ ಬೇಡ ಅಂತ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಕೆಲಸಗಾರರು ಬಿಟ್ಟು ಹೋದರು. ಹೆಣಿಗೆಯವರ ರಾವೆಲ್ರಿ ತಾಣ 2019ರ ಜೂನ್‌ನಲ್ಲಿ ಟ್ರಂಪ್ ಮತ್ತು ಅವರ ಸರ್ಕಾರಕ್ಕೆ ಬೆಂಬಲ ಕೊಡುವ ಪೋಸ್ಟ್‌ಗಳನ್ನೇ ನಿಷೇಧಿಸಿತು. ಅದು ಸರಿಯೋ ತಪ್ಪೋ ಅಂತ ಇಂದಿಗೂ ಜನ ಕಿತ್ತಾಡುತ್ತಾರೆ. ಸ್ವೆಟರ್ ಹಾಕುವ ಜಾಗ ಅದು!

ಹಳೇ ಅಡ್ಮಿನ್:
ಕೆಲಸ ಹೋದದ್ದನ್ನು ಬರೆದವರಿಗೆ ಹಾಗೆ ಹೇಳಿದ್ದು ತಪ್ಪು, ಅದನ್ನು ಒಪ್ಪುತ್ತೇನೆ. ಎರಡು ಬಾಣದ ನಿಯಮ ನನಗೆ ಇಷ್ಟ ಆಗಲು ಅದೂ ಒಂದು ಕಾರಣ. ಸ್ವಂತ ಕಷ್ಟ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಕೈಯಾರೆ ಬರೆಯುತ್ತಾರೆ.

ಎರಡು ಕೋಣೆ:
ಬೇರೆ ಗುಂಪಿನ ಬಗ್ಗೆ ಕೇಳಿದ್ದೀರಿ. ನಾವು ಮಾಡಿದೆವು. "ಹರಟೆ ಕಟ್ಟೆ" ಅಂತ ಹೆಸರಿಟ್ಟು, ಏನು ಬೇಕಾದರೂ ಕಿತ್ತಾಡಿಕೊಳ್ಳಿ ಅಂತ ಬಿಟ್ಟೆವು. ಮೊದಲ ವಾರ ಜೋರು. ಮೂರನೇ ವಾರಕ್ಕೆ ತಣ್ಣಗಾಯಿತು. ನೋಡುವವರು ಇಲ್ಲದ ಕುಸ್ತಿ ಯಾರಿಗೆ ಬೇಕು? ಎಲ್ಲರೂ ಮೆಲ್ಲಗೆ ಹಳೇ ಗುಂಪಿಗೇ ಬಂದರು. ಹೊಸ ಕೋಣೆ ಪೂರ್ತಿ ವ್ಯರ್ಥ ಆಯಿತು ಅನ್ನುವುದಿಲ್ಲ. "ಕಟ್ಟೆಗೆ ಹೋಗಿ" ಅಂತ ಹೇಳಲು ಒಂದು ಜಾಗ ಸಿಕ್ಕಿತು. ಆದರೆ ಅದನ್ನು ದಿನಾ ಯಾರಾದರೂ ಹೇಳುತ್ತಲೇ ಇರಬೇಕು. ಟೆಲಿಗ್ರಾಂಗೆ ಹೋದರೆ ಸ್ಲೋ ಮೋಡ್ ಅಂತ ಇದೆ, ಒಬ್ಬರು ಒಮ್ಮೆ ಬರೆದರೆ ಇಷ್ಟು ಹೊತ್ತು ಕಾಯಬೇಕು ಅಂತ ಹಾಕಬಹುದು. ಐದು ನಿಮಿಷ ಹಾಕಿ ನೋಡಿ, ಅರ್ಧ ಜನರ ಸಿಟ್ಟು ಕಾಯುವಷ್ಟರಲ್ಲಿ ಇಳಿದಿರುತ್ತದೆ.

ಸೂಜಿದಾರ (ಮೂರು ವಾರ ಆದಮೇಲೆ):
ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಬೇಕಲ್ಲ.

ಪ್ರಶ್ನೆ ಎಣಿಸಿದೆ. 26 ಬಂದಿದ್ದವು, 15ಕ್ಕೆ ಉತ್ತರ ಇರಲಿಲ್ಲ. ಅದರಲ್ಲಿ ಮೂರಕ್ಕೆ ಉತ್ತರ ನನಗೇ ಗೊತ್ತಿತ್ತು. ಜಗಳ ನೋಡಿ ತಲೆ ಕೆಟ್ಟು ಗುಂಪು ತೆರೆದು ನೋಡುವುದನ್ನೇ ಬಿಟ್ಟಿದ್ದೆ.

ಎರಡು ಬಾಣದ ನಿಯಮ ಹಾಕಿದೆ. ಮೊದಲು ಅಳಿಸಿದ್ದು ನನ್ನ ಅತ್ತೆಯವರು ಕಳಿಸಿದ ಶುಭೋದಯ. ಎರಡು ದಿನ ಮಾತಾಡಲಿಲ್ಲ. ಆದರೆ ಆಮೇಲೆ ರಾಜಕೀಯದ್ದು ಅಳಿಸಿದಾಗ ಪಕ್ಷಪಾತ ಅಂತ ಯಾರೂ ಬಾಯಿ ಬಿಡಲಿಲ್ಲ. ಹನ್ನೊಂದು ಜನ ಹೋದ ಸುದ್ದಿ, ಹೆಸರು ಹೇಳದೆ, ಗುಂಪಿಗೆ ಹಾಕಿದೆ. ಅರ್ಧ ದಿನ ಯಾರೂ ಏನೂ ಬರೆಯಲಿಲ್ಲ.

ಇಬ್ಬರು ಟೈಲರ್‌ಗಳಿಗೂ ಒಂದೇ ಸಂಜೆ ಫೋನ್ ಮಾಡಿದೆ. ಒಬ್ಬರು ಎತ್ತಿದರು. ಹತ್ತು ನಿಮಿಷ ಇನ್ನೊಬ್ಬರನ್ನು ಬೈದರು, ನಾನು ಕೇಳಿಸಿಕೊಂಡೆ. ಆಮೇಲೆ ಕಾಲರ್ ಹಾಕುವುದನ್ನು ಹಂತ ಹಂತವಾಗಿ ತೋರಿಸಿ ಅಂತ ಕೇಳಿದೆ. "ನೋಡೋಣ" ಅಂದರು. ಮೊನ್ನೆ ಹೊಸಬರೊಬ್ಬರು ಫೋಟೋ ಹಾಕಿದ್ದರು, ಬಟ್ಟೆ ಕೆಳಗಡೆ ದಾರ ಗಂಟು ಗಂಟಾಗಿ ಸಿಕ್ಕಿಕೊಂಡಿತ್ತು. ಕೆಳದಾರದ ಬಾಬಿನ್ ಮೂರು ಸಲ ಬದಲಾಯಿಸಿದೆ, ಮಿಷನ್ ಕೆಟ್ಟಿದೆಯಾ ಅಂತ ಕೇಳಿದ್ದರು. ನಾಲ್ಕು ನಿಮಿಷದಲ್ಲಿ ಆ ಟೈಲರೇ ಉತ್ತರ ಕೊಟ್ಟರು. "ಬಾಬಿನ್ ಬಿಡಿ ತಂಗಿ. ಮೇಲಿನ ದಾರ ಸರಿಯಾಗಿ ಕೂತಿಲ್ಲ. ಬಟ್ಟೆ ಒತ್ತುವ ಫೂಟ್ ಮೇಲೆ ಎತ್ತಿಟ್ಟು ಮೊದಲಿಂದ ದಾರ ಹಾಕಿ, ಇಲ್ಲದಿದ್ದರೆ ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆ ಒಳಗೆ ಅದು ಹೋಗಲ್ಲ." ಹೊಸಬರು ಹಾಗೇ ಮಾಡಿ ನೀಟಾದ ಹೊಲಿಗೆಯ ಫೋಟೋ ಹಾಕಿದರು. ಅದರ ಕೆಳಗೆ ಇಪ್ಪತ್ತು ಹೆಬ್ಬೆರಳು.

ಜಗಳ ಪೂರ್ತಿ ನಿಂತಿಲ್ಲ. ನಿನ್ನೆ ರಾತ್ರಿಯೂ ಒಂದು ಸುತ್ತು ಆಯಿತು, ಸ್ವಂತ ಬರಹ, ಬಾಣ ಇರಲಿಲ್ಲ, ಏನು ಮಾಡುವುದೋ ಗೊತ್ತಾಗದೆ ಬಿಟ್ಟೆ. ಇನ್ನೊಬ್ಬ ಟೈಲರ್ ಇನ್ನೂ ಫೋನ್ ಎತ್ತುತ್ತಿಲ್ಲ. ಭಾನುವಾರ ಮತ್ತೆ ಮಾಡುತ್ತೇನೆ.