ಹೊಸ ಗಾಲ್ಫ್ ಐರನ್ ಸೆಟ್: ದೂರ ಹೋಗುತ್ತೆ, ಗ್ರೀನ್ ಮೇಲೆ ನಿಲ್ಲಲ್ಲ, ವೆಜ್ ಎಡಕ್ಕೆ ಹೋಗುತ್ತೆ

ಮೈಸೂರು ಬೋಗಿ:
ಎಲ್ಲರಿಗೂ ನಮಸ್ಕಾರ. ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕ, ಕಮ್ಮಿ ಇದ್ದಷ್ಟೂ ಒಳ್ಳೇದು) 19, ಬಲಗೈ ಆಟ, ಎತ್ತರ 5 ಅಡಿ 5 ಇಂಚು. ಹಳೇ ಐರನ್ (ಲೋಹದ ತಲೆಯ ಕ್ಲಬ್) ಸೆಟ್ ಬಿಟ್ಟು, ತಪ್ಪು ಹೊಡೆತ ಸಹಿಸೋ ಹೊಸ ಗೇಮ್ ಇಂಪ್ರೂವ್‌ಮೆಂಟ್ ಐರನ್ ತಗೊಂಡೆ, 5ರಿಂದ, ಹತ್ತಿರದ ಹೊಡೆತಕ್ಕೆ ಬಳಸೋ ಪಿಚಿಂಗ್ ವೆಜ್‌ವರೆಗೆ. 7 ಐರನ್ ಹಳೇದಕ್ಕಿಂತ ಚೆನ್ನಾಗೇ ದೂರ ಹೋಗುತ್ತೆ. ಆದ್ರೆ ಗ್ರೀನ್ (ಕುಳಿ ಇರೋ ನುಣುಪು ಹುಲ್ಲಿನ ಜಾಗ) ಮೇಲೆ ಬಿದ್ದ ಚೆಂಡು ಉರುಳಿ ಹಿಂದಿನ ಬಂಕರ್ (ಮರಳುಗುಂಡಿ) ಸೇರುತ್ತೆ. ಪಿಚಿಂಗ್ ವೆಜ್ 115 ಗಜ, ಹಳೇ 56 ಡಿಗ್ರಿ ಸ್ಯಾಂಡ್ ವೆಜ್ 80. ಮಧ್ಯೆ ಏನೂ ಇಲ್ಲ. ಸಾಲದ್ದಕ್ಕೆ 9 ಐರನ್, ವೆಜ್ ಎರಡೂ ಎಡಕ್ಕೆ ಹೋಗ್ತವೆ, 5 ಐರನ್ ನೆಟ್ಟಗಿದೆ. ಇದನ್ನ ಮಾರಿ ಬ್ಲೇಡ್ (ತೆಳು ತಲೆಯ, ನುರಿತವರ ಐರನ್) ತಗೊಳ್ಳಲಾ?

ಪಿಲಿಕುಳದವ:
ಬ್ಲೇಡ್ ಯೋಚನೆ ಸದ್ಯಕ್ಕೆ ಬಿಡಿ ಸರ್. ಮೊದಲು ಸೆಟ್ಟಿನ ಲಾಫ್ಟ್ (ಕ್ಲಬ್ ಮುಖ ಹಿಂದಕ್ಕೆ ವಾಲಿರೋ ಕೋನ; ಕಮ್ಮಿ ಇದ್ರೆ ಚೆಂಡು ತಗ್ಗಾಗಿ ದೂರ ಹೋಗುತ್ತೆ) ಎಷ್ಟು ಅಂತ ನೋಡಿ. ಹಳೇ ಕಾಲದ 7 ಐರನ್ 34-35 ಡಿಗ್ರಿ ಇರ್ತಿತ್ತು, ಈಗಿನ ಇಂಥ ಸೆಟ್ಟುಗಳಲ್ಲಿ 28-30. ಅಂದ್ರೆ ಹಳೇ 6 ಅಥವಾ 5 ಐರನ್ನಿಗೇ 7 ಅಂತ ನಂಬರ್ ಹೊಡೆದು ಕೊಟ್ಟ ಹಾಗೆ. ಅಂಗಡಿಯ ಸ್ಕ್ರೀನ್ ಮೇಲೆ ದೂರ ತೋರಿಸಿದ್ರೆ ಮಾಲು ಮಾರಾಟ ಆಗುತ್ತೆ, ಅಷ್ಟೇ! ನೀವು ಕೇಳಬೇಕಿದ್ದಿದ್ದು ಚೆಂಡು ಎಷ್ಟು ಕಡಿದಾಗಿ ಇಳಿಯುತ್ತೆ ಅನ್ನೋದು. 45 ಡಿಗ್ರಿಯ ಆಸುಪಾಸಿನಲ್ಲಿ ಇಳಿದ್ರೆ ನಿಲ್ಲುತ್ತೆ, ಅದಕ್ಕಿಂತ ಚಪ್ಪಟೆಯಾಗಿ ಬಂದ್ರೆ ಓಡುತ್ತೆ.

ಚೆಂಡು ಯಾವುದು ಆಡ್ತಿದ್ದೀರಿ? ಗಟ್ಟಿ ಟೂ-ಪೀಸ್ (ಎರಡೇ ಪದರದ್ದು) ಆದ್ರೆ ಯುರೆಥೇನ್ (ಮೆತ್ತನೆ) ಹೊದಿಕೆಯದ್ದು ಒಂದು ಡಬ್ಬ ತಂದು ನೋಡಿ, ಅದು ಹೆಚ್ಚು ತಿರುಗಿ ಬೇಗ ನಿಲ್ಲುತ್ತೆ. ಸೆಟ್ ಬದಲಾಯಿಸೋದಕ್ಕಿಂತ ಅಗ್ಗ.

ಹಳೇ ಸ್ಟೀಲ್:
ಎಡಕ್ಕೆ ಹೋಗೋದು ಬೇರೆ ಕಥೆ. ಎಡಕ್ಕೆ ಹೊರಟು ನೆಟ್ಟಗೆ ಹೋಗುತ್ತಾ, ಇಲ್ಲ ನೆಟ್ಟಗೆ ಹೊರಟು ಆಮೇಲೆ ಬಾಗುತ್ತಾ? ಬಾಗಿದ್ರೆ ಸ್ವಿಂಗ್ ನೋಡ್ಕೊಳ್ಳಿ. ಹೊರಡೋದೇ ಎಡಕ್ಕಾದ್ರೆ ಲೈ (ಕ್ಲಬ್ಬಿನ ಕೋಲು ನೆಲದ ಜೊತೆ ಮಾಡೋ ಕೋನ) ಮೇಲೆ ನನಗೆ ಅನುಮಾನ. ಲಾಫ್ಟ್ ಜಾಸ್ತಿ ಇದ್ದಷ್ಟೂ ಲೈ ತಪ್ಪಿದ್ದು ದಿಕ್ಕಿನಲ್ಲಿ ಎದ್ದು ಕಾಣುತ್ತೆ. 5 ಐರನ್ ನೆಟ್ಟಗಿದ್ದು ವೆಜ್ ಎಡಕ್ಕೆ ಹೋಗೋದಕ್ಕೆ ಅದೂ ಕಾರಣ ಇರಬಹುದು.

ಪರೀಕ್ಷೆ ಸುಲಭ. ಒರೆಸಿದ್ರೆ ಹೋಗೋ ಮಾರ್ಕರ್‌ನಲ್ಲಿ ಚೆಂಡಿನ ಹಿಂಭಾಗಕ್ಕೆ ದಪ್ಪ ಗೆರೆ ಎಳೆದು, ಗೆರೆ ಸರಿಯಾಗಿ ಲಂಬವಾಗಿರೋ ಹಾಗೆ ಇಟ್ಟು ಹೊಡೀರಿ. ಕ್ಲಬ್ ಮುಖದ ಮೇಲೆ ಅಚ್ಚು ಬೀಳುತ್ತೆ. ಅದರ ಮೇಲ್ತುದಿ ಟೋ (ಕ್ಲಬ್ ತಲೆಯ ಹೊರತುದಿ) ಕಡೆ ವಾಲಿದ್ರೆ ಕ್ಲಬ್ಬಿನ ಕೋಲು ನಿಮಗೆ ತೀರಾ ಲಂಬ, ಅಂದ್ರೆ ಅಪ್‌ರೈಟ್ ಆಗಿದೆ. ಹೀಲ್ (ಕೋಲು ಸೇರೋ ತುದಿ) ಕಡೆ ವಾಲಿದ್ರೆ ಫ್ಲಾಟ್, ಅಂದ್ರೆ ತೀರಾ ಬಾಗಿದೆ. ಎತ್ತರ ಒಂದೇ ನೋಡಬೇಡಿ, ನಿಂತಾಗ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಅಳೆಸಿ. ಕೈ ಉದ್ದ ಇದ್ದವರಿಗೆ ಲೆಕ್ಕ ಬೇರೆ.

ಮೈಸೂರು ಬೋಗಿ:
ಗೆರೆ ಹಾಕಿ ಹೊಡೆದೆ, ಟೋ ಕಡೆಗೇ ವಾಲುತ್ತಿದೆ. ಹೊರಡೋದೇ ಎಡಕ್ಕೆ. ಲಾಫ್ಟ್: 7 ಐರನ್ 29, ಪಿಚಿಂಗ್ ವೆಜ್ 43. ಚೆಂಡು ಟೂ-ಪೀಸೇ. ಒಬ್ಬರು ಶಾಫ್ಟ್ (ಕೋಲು) ಸ್ಟಿಫ್ (ಕಮ್ಮಿ ಬಳುಕೋದು) ಮಾಡಿಸಿ ಅಂದ್ರು?

ಹಳೇ ಸ್ಟೀಲ್:
ಶಾಫ್ಟಿಗೆ ಈಗಲೇ ದುಡ್ಡು ಸುರೀಬೇಡಿ. ರೆಗ್ಯುಲರ್, ಸ್ಟಿಫ್ ಅನ್ನೋದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್. ತೂಕ ಕೈಗೆ ಹೊಂದುತ್ತಾ ಅನ್ನೋದೇ ನನಗೆ ಮುಖ್ಯ.

ಲೈ ಸರಿ ಮಾಡಿಸಿ, 2 ಡಿಗ್ರಿ ಫ್ಲಾಟ್‌ನಿಂದ ಶುರು ಮಾಡಿ ಮತ್ತೆ ಗೆರೆ ನೋಡಿ. ಆದ್ರೆ ಬಗ್ಗಿಸೋ ಮುಂಚೆ ಹೆಡ್ ಯಾವ ಲೋಹ ಅಂತ ಕೇಳಿ. ಫೋರ್ಜ್ಡ್ ಕಾರ್ಬನ್ ಸ್ಟೀಲ್ ಸಲೀಸಾಗಿ ಬಗ್ಗುತ್ತೆ, 431 ಸ್ಟೇನ್‌ಲೆಸ್ ಕೂಡ ಪರವಾಗಿಲ್ಲ. 17-4 (ಇನ್ನೂ ಗಡಸು ಸ್ಟೇನ್‌ಲೆಸ್) ಎರಕದ್ದಾದ್ರೆ ಹೋಸೆಲ್ (ಕೋಲು ಸೇರೋ ಕುತ್ತಿಗೆ) ಹತ್ತಿರ ಬಿರುಕು ಬಿಡೋ ಅಪಾಯ ಇದೆ, ಬಲವಂತ ಮಾಡಿಸಬೇಡಿ.

ಪಿಲಿಕುಳದವ:
43ಕ್ಕೂ 56ಕ್ಕೂ ಮಧ್ಯೆ 13 ಡಿಗ್ರಿ ಖಾಲಿ! 49 ಅಥವಾ 50ರ ಗ್ಯಾಪ್ ವೆಜ್ ಒಂದು ಸೇರಿಸಿ, ಸಾಧ್ಯವಾದ್ರೆ ಅದೇ ಸೆಟ್ಟಿನದ್ದು. ಬ್ಯಾಗಿನಲ್ಲಿ 14 ಕ್ಲಬ್ಬಿನ ಮಿತಿ ತುಂಬಿದ್ರೆ 5 ಐರನ್ ತೆಗೀರಿ. ಈ ಕಾಲದ 5 ಐರನ್ 23 ಡಿಗ್ರಿ ಆಸುಪಾಸು, ನಮ್ಮಂಥವರ ಸ್ವಿಂಗಿಗೆ ಅದರಿಂದ ಚೆಂಡನ್ನ ಎತ್ತರಕ್ಕೆ ಎಬ್ಬಿಸೋದು ಕಷ್ಟ. ಆ ಜಾಗಕ್ಕೆ ಹೈಬ್ರಿಡ್ (ಐರನ್, ವುಡ್ ಎರಡರ ಮಿಶ್ರ ಕ್ಲಬ್) ಸಾಕು.

ಸೋಲ್ (ಕ್ಲಬ್ ತಲೆಯ ತಳ) ಅಗಲ ಇದೆ ಅಂತ ಯಾರಾದ್ರೂ ಗೊಣಗಿದ್ರೆ ಕಿವಿಗೊಡಬೇಡಿ. ಮಳೆಗಾಲದಲ್ಲಿ ಫೇರ್‌ವೇ ಮೆತ್ತಗಾದಾಗ ಅದೇ ಕಾಪಾಡೋದು. ಬೇಸಿಗೆಯ ಗಟ್ಟಿ ನೆಲದಲ್ಲಿ ಮಾತ್ರ ಸ್ವಲ್ಪ ಪುಟಿಯುತ್ತೆ, ಅಲ್ಲಿ ಚೆಂಡನ್ನ ಒಂದಿಷ್ಟು ಹಿಂದಕ್ಕೆ, ಅಂದ್ರೆ ಬಲಗಾಲಿನ ಕಡೆಗಿಟ್ಟು ಆಡಿ.

ಮೈಸೂರು ಬೋಗಿ:
ಹೆಡ್ 431 ಅಂತೆ, ವಿಚಾರಿಸಿದೆ. ಲೈ ಬಗ್ಗಿಸೋಕೆ ಕೊಟ್ಟಿದ್ದೀನಿ, 49ರ ವೆಜ್ ಹುಡುಕ್ತಿದ್ದೀನಿ. ಯಾರ ಹತ್ರನಾದ್ರೂ ಸೆಕೆಂಡ್ ಹ್ಯಾಂಡ್ ಇದ್ರೆ ಹೇಳಿ.