ಬಿಡ್ತೀನಿ ಅಂದ್ರೆ ಬಿಡಬೇಕಲ್ಲ!

ನಮ್ಮ ಗುಂಪಿನಲ್ಲಿ ನೆಟ್‌ವರ್ಕ್ ಬೈಯದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಗುಂಡಣ್ಣನಂತೂ ಮಹಡಿ ಹತ್ತಿ, ನೀರಿನ ಟ್ಯಾಂಕಿಗೆ ಒರಗಿ, ಕತ್ತು ಓರೆ ಮಾಡಿದರೆ ಮಾತ್ರ 'ಹಲೋ' ಅನ್ನಿಸಿಕೊಳ್ಳುವ ಆಸಾಮಿ. ಆದರೂ ಆ ಮೊಬೈಲ್ ಕಂಪನಿಯನ್ನು ಮಾತ್ರ ಅವನು ಬಿಡುವುದಿಲ್ಲ. ಯಾಕೋ ಅಂತ ಗುಂಪಿನ ಮೇಷ್ಟ್ರು ಕೇಳಿಯೇಬಿಟ್ಟರು.

"ನಂಬರ್ ಹೋಗುತ್ತಲ್ಲ ಮೇಷ್ಟ್ರೇ!"

"ಎಲ್ಲಿಗಯ್ಯಾ ಹೋಗುತ್ತೆ? 2011ರ ಜನವರಿ 20ರಿಂದಲೇ ದೇಶದಲ್ಲೆಲ್ಲ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸಬಹುದು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡು, ಜಾಗ ಬಿಟ್ಟು ನಿನ್ನ ನಂಬರ್ ಹಾಕು, 1900ಕ್ಕೆ ಕಳಿಸು. ಎಂಟು ಅಕ್ಷರದ ಕೋಡ್ ಬರುತ್ತೆ. ನಮ್ಮ ಕಡೆ ಅದಕ್ಕೆ ನಾಲ್ಕೇ ದಿನ ಆಯಸ್ಸು, ಅಷ್ಟರಲ್ಲಿ ಹೊಸ ಕಂಪನಿಗೆ ಹೋಗಬೇಕು."

ಇದರಲ್ಲೂ ಒಂದು ತಮಾಷೆ ನಡೆದಿತ್ತು. ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಎಸ್ಸೆಮ್ಮೆಸ್ಸೇ ಇರುತ್ತಿರಲಿಲ್ಲ, ಅಂದರೆ ಬಿಟ್ಟು ಹೋಗಲಿಕ್ಕೂ ಅವರ ಹತ್ತಿರವೇ ಜಾಸ್ತಿ ದುಡ್ಡಿನ ರೀಚಾರ್ಜ್ ಮಾಡಿಸಬೇಕಿತ್ತು! 2021ರ ಡಿಸೆಂಬರಿನಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ ಟ್ರಾಯ್ ಗದರಿತು: ಯಾವ ಪ್ಲಾನ್ ಇರಲಿ, 1900ಕ್ಕೆ ಮೆಸೇಜ್ ಹೋಗಲೇಬೇಕು.

"ನಾನು ಕಳಿಸಿದ್ದೇ ತಡ, ಫೋನ್ ಬಂತು" ಎಂದರು ಮೇಷ್ಟ್ರು. "ಯಾಕೆ ಸಾರ್, ಏನು ಬೇಜಾರು ಸಾರ್, ಅರ್ಧ ರೇಟಿಗೆ ಕೊಡ್ತೀವಿ ಸಾರ್. ಅಷ್ಟು ವರ್ಷದಲ್ಲಿ ಕಟ್ ಆಗದೆ ಮುಗಿದ ಕಾಲ್ ಅದೊಂದೇ."

ಲಾಯರ್ ಗೆಳೆಯ ಇಷ್ಟು ಹೊತ್ತು ಸುಮ್ನಿದ್ದದ್ದೇ ಹೆಚ್ಚು. "ಬಿಟ್ಟು ಓಡೋದು ಒಂದು ದಾರಿ, ಹಿಡಿದು ಕೇಳೋದು ಇನ್ನೊಂದು. ಮೊದಲು ಕಂಪನಿಗೇ ದೂರು ಕೊಟ್ಟು ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ತಗೋ. ಕೇಳಲಿಲ್ಲವಾ, ಅವರದ್ದೇ ಮೇಲ್ಮನವಿ ಅಧಿಕಾರಿ ಇದ್ದಾರೆ. ಗ್ರಾಹಕ ಸಹಾಯವಾಣಿ 1915 ಇದೆ, ಗ್ರಾಹಕ ಆಯೋಗವೂ ಇದೆ. ಗ್ರಾಹಕರು ಅಲ್ಲಿಗೆ ಬರುವ ಹಾಗೇ ಇಲ್ಲ ಅಂತ ಒಂದು ಕಂಪನಿ ಸುಪ್ರೀಂ ಕೋರ್ಟ್ ತನಕ ಹೋಗಿ ವಾದಿಸಿತ್ತು. ಆಧಾರ ಏನು ಗೊತ್ತಾ? 1885ರ ಟೆಲಿಗ್ರಾಫ್ ಕಾಯ್ದೆ!"

"ಆಗ ರೇಡಿಯೋನೇ ಇರಲಿಲ್ವಲ್ಲೋ!"

"2022ರ ಫೆಬ್ರವರಿಯಲ್ಲಿ ಕೋರ್ಟ್ ಆ ವಾದ ಒಪ್ಪಲಿಲ್ಲ. ಧಾರಾಳವಾಗಿ ಹೋಗಬಹುದು ಅಂತು."

ನನಗೆ ಕೇಳಿದರೆ, ಇಷ್ಟೆಲ್ಲ ಕಾನೂನು ಇದ್ದೂ ಕಂಪನಿಗಳು ನಿಶ್ಚಿಂತೆಯಾಗಿರುವುದು ನಮ್ಮ ಸೋಮಾರಿತನದ ಮೇಲಿನ ಭರವಸೆಯಿಂದಲೇ. ಬೈಯುವುದು ಪುಕ್ಕಟೆ, ಅರ್ಜಿ ಬರೆಯಬೇಕಾದರೆ ಪೆನ್ನು ಹುಡುಕಬೇಕು, ಅಲ್ವಾ?

ಗುಂಡಣ್ಣನಿಗೆ ರೋಷ ಉಕ್ಕಿತು. ಅಲ್ಲೇ ಮೆಸೇಜ್ ಕಳಿಸಿದ. ಉತ್ತರವೂ ಬಂತು. ಓದಿ ಮುಖ ಸಣ್ಣಗೆ ಮಾಡಿಕೊಂಡ. ಕೋಡ್ ಕೊಡಲ್ಲವಂತೆ, ಬಿಲ್ ಬಾಕಿ ಇದೆಯಂತೆ.

"ಕಟ್ಟಿಲ್ವೇನೋ?" ಎಂದ ಲಾಯರ್.

"ಸಿಗ್ನಲ್ಲೇ ಇಲ್ಲ, ಬಿಲ್ ಯಾಕೆ ಕಟ್ಟಲಿ ಅಂತ ಬಿಟ್ಟಿದ್ದೆ!"

"ಪೋಸ್ಟ್‌ಪೇಯ್ಡ್ ಅಲ್ವೇನೋ ಮಾರಾಯ. ಕಟ್ಟು, ರಸೀತಿ ಇಟ್ಕೋ, ನಾಳೆ ಮತ್ತೆ ಕಳಿಸು."

"ಕಟ್ಟೋಣ ಅಂದ್ರೆ ಆ್ಯಪ್ ತೆರೀತಾನೇ ಇಲ್ಲ. ಸ್ವಲ್ಪ ನಿಮ್ಮ ಹಾಟ್‌ಸ್ಪಾಟ್ ಕೊಡಿ ಮೇಷ್ಟ್ರೇ."